ಕುಶಲ ವಿಚಾರಿಸುವುದೂ ಕಾಯಕವೇ: ವಿದ್ಯಾರ್ಥಿ ಮತ್ತು ಶಿಕ್ಷಕರ ಕ್ಷೇಮದ ಸಮೀಕ್ಷೆಗಳು

ಪ್ರತಿವರ್ಷ ಪರೀಕ್ಷಾ ಫಲಿತಾಂಶ ಪ್ರಕಟವಾದಾಗ ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರೆಂದು ನಾವೆಲ್ಲರೂ ಆಸಕ್ತಿಯಿಂದ ವಿಚಾರಿಸುತ್ತೇವೆ. ಆ ಮಕ್ಕಳ ಮನಸ್ಸು ಹೇಗಿದೆ, ಅವರಿಗೆ ಪಾಠ ಹೇಳಿದ ಗುರುಗಳು ನೆಮ್ಮದಿಯಿಂದಿದ್ದಾರೆಯೇ ಎಂದು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಿ, ಉತ್ತರಗಳನ್ನು ಸಂಗ್ರಹಿಸಿ, ಅರ್ಥೈಸುವುದೇ ಕ್ಷೇಮ ಸಮೀಕ್ಷೆಗಳ ಉದ್ದೇಶ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ವ್ರತವಾಗಿ ಸ್ವೀಕರಿಸಿರುವ ಮಠಗಳ ಭಕ್ತರು ಇವುಗಳ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಅನುಭವಕ್ಕೆ ದೊರೆತ ಮನ್ನಣೆ

ಒಬ್ಬರ ಅನುಭವವನ್ನು ಕೇಳಿಯೇ ತಿಳಿಯಬೇಕೆಂಬುದು ನಮ್ಮ ಪರಂಪರೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಲ್ಲಮಪ್ರಭುದೇವರ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ, ಮಡಿವಾಳ ಮಾಚಿದೇವರು, ಡೋಹರ ಕಕ್ಕಯ್ಯನವರು, ಆಯ್ದಕ್ಕಿ ಲಕ್ಕಮ್ಮನವರಂತಹ ಶರಣ ಶರಣೆಯರು ತಮ್ಮ ಬದುಕಿನಿಂದ ಕಂಡುಕೊಂಡ ಸತ್ಯವನ್ನು ನಿರ್ಭಯವಾಗಿ ನುಡಿದರು. ನುಡಿದವರ ಕುಲವನ್ನಾಗಲಿ ಸ್ಥಾನವನ್ನಾಗಲಿ ಅಲ್ಲಿ ಎಣಿಸಲಿಲ್ಲ. ಇಂದಿನ ಶಾಲೆಯಲ್ಲಿ ಮಾತನಾಡಲು ಅಂತಹ ನಿರ್ಭಯವನ್ನು ಎಲ್ಲ ಮಕ್ಕಳಿಗೂ ಒದಗಿಸಿದ್ದೇವೆಯೇ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮಕ್ಕಳು ಹೇಳಿದ್ದೇನು?

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಅಂದರೆ ಎನ್‌ಸಿಇಆರ್‌ಟಿ, 2022ರ ಜನವರಿಯಿಂದ ಮಾರ್ಚ್‌ವರೆಗೆ ದೇಶದಾದ್ಯಂತ ಶಾಲಾ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಸಿತು. 6ರಿಂದ 12ನೆಯ ತರಗತಿಯವರೆಗಿನ 3,79,842 ವಿದ್ಯಾರ್ಥಿಗಳು ಉತ್ತರಿಸಿದರು. ಮಕ್ಕಳು ಸಂಕೋಚವಿಲ್ಲದೆ ಉತ್ತರಿಸಲೆಂದು ಹೆಸರು ಬರೆಯುವುದನ್ನು ಐಚ್ಛಿಕವಾಗಿರಿಸಲಾಗಿತ್ತು.

ಶಾಲಾ ಜೀವನ ತೃಪ್ತಿಕರವಾಗಿದೆ ಎಂದವರು ಶೇ. 73. ವೈಯಕ್ತಿಕ ಜೀವನದ ಬಗ್ಗೆ ತೃಪ್ತಿ ಸೂಚಿಸಿದವರು ಶೇ. 51 ಮಾತ್ರ. ಓದು, ಪರೀಕ್ಷೆ, ಫಲಿತಾಂಶಗಳೇ ಆತಂಕಕ್ಕೆ ಕಾರಣವೆಂದವರು ಶೇ. 81. ಪ್ರಶ್ನೆ ಕೇಳಲು ಹಿಂಜರಿಯುವುದಾಗಿ ಶೇ. 28ರಷ್ಟು ಮಕ್ಕಳು ತಿಳಿಸಿದರು. ಈ ಪ್ರಮಾಣವನ್ನು ಐವತ್ತು ಮಕ್ಕಳ ತರಗತಿಗೆ ಅನ್ವಯಿಸಿದರೆ ಹದಿನಾಲ್ಕು ಮಕ್ಕಳು ಅರ್ಥವಾಗದಿದ್ದರೂ ಸುಮ್ಮನೆ ಕುಳಿತಿರುತ್ತಾರೆ. ಮಾಧ್ಯಮಿಕ ಹಂತದಿಂದ ಪ್ರೌಢ ಹಂತಕ್ಕೆ ಬಂದಂತೆ ಮಕ್ಕಳ ತೃಪ್ತಿ ಇಳಿಯುವುದೂ ಕಂಡುಬಂದಿತು.

ಗುರುಗಳ ಭಾರ

ದಣಿದ ಗುರುವಿನಿಂದ ಮಕ್ಕಳಿಗೆ ಉತ್ಸಾಹ ದೊರೆಯುವುದು ಕಷ್ಟ. ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯು ಕೆಲವು ರಾಜ್ಯಗಳಲ್ಲಿ ನಡೆಸಿದ, 2018ರ ಅಧ್ಯಯನವೊಂದರ ಪ್ರಕಾರ, ಶಿಕ್ಷಕರ ವಾರ್ಷಿಕ ಶಾಲಾ ಅವಧಿಯಲ್ಲಿ ಬೋಧನೆಗೆ ವಿನಿಯೋಗವಾದದ್ದು ಶೇ. 19.1 ಮಾತ್ರ. ಉಳಿದ ಸಮಯ ದಾಖಲೆ, ವರದಿ ಮತ್ತಿತರ ಕೆಲಸಗಳಿಗೆ ಹೋಗಿತ್ತು. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಮಂದಿ ಶಿಕ್ಷಕರು. ಗುರುಗಳ ತ್ಯಾಗದಿಂದ ಬೆಳೆದ ಸಮಾಜವು ಗುರುಗಳ ಆಯಾಸವನ್ನು ಕಡೆಗಣಿಸುವುದು ಸಲ್ಲದು.

ಕೇಳುವ ಕ್ರಮ

ಉತ್ತರದ ಸತ್ಯವು ಕೇಳುವ ಕ್ರಮವನ್ನು ಅವಲಂಬಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐದು ಅಂಶಗಳ ಕ್ಷೇಮ ಸೂಚ್ಯಂಕವು ಸರಳವಾದ ಒಂದು ಸಾಧನ. ಕಳೆದ ಎರಡು ವಾರಗಳಲ್ಲಿ ಉಲ್ಲಾಸ, ಶಾಂತಿ, ಚೈತನ್ಯ, ನಿದ್ರೆಯಿಂದ ಎದ್ದಾಗಿನ ಲವಲವಿಕೆ, ದಿನಚರಿಯಲ್ಲಿ ಆಸಕ್ತಿ ಎಷ್ಟರಮಟ್ಟಿಗೆ ಇದ್ದವು ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ಒಟ್ಟು 25ನ್ನು ನಾಲ್ಕರಿಂದ ಗುಣಿಸಿ ನೂರಕ್ಕೆ ಹೊಂದಿಸಲಾಗುತ್ತದೆ. ಅಂಕ ಬಹಳ ಕಡಿಮೆ ಬಂದವರನ್ನು ಹೆಚ್ಚು ಗಮನಿಸಬೇಕು. ಆದರೆ ಅದೇ ರೋಗನಿರ್ಣಯವಲ್ಲ.

ತರಗತಿಯ ಶಿಕ್ಷಕರೇ ಎದುರು ನಿಂತು ಹಾಳೆ ಹಂಚಿ, ಹೆಸರು ಬರೆಸಿಕೊಂಡರೆ ಮಕ್ಕಳು ಮೆಚ್ಚಿಗೆಯಾಗುವ ಉತ್ತರವನ್ನೇ ಬರೆಯುತ್ತಾರೆ. ಮೇಲಧಿಕಾರಿಗೆ ತಲುಪುವ ಹಾಳೆಯಲ್ಲಿ ಶಿಕ್ಷಕರೂ ಹಾಗೆಯೇ ಬರೆಯುತ್ತಾರೆ. ಆದ್ದರಿಂದ ಗೋಪ್ಯತೆ, ಉತ್ತರಿಸದಿರುವ ಸ್ವಾತಂತ್ರ್ಯ, ಪೋಷಕರ ಒಪ್ಪಿಗೆ ಇವು ಸಮೀಕ್ಷೆಯ ಮೂಲ ನಿಯಮಗಳು. ಕೇಳಿದ ಸಂದರ್ಭವನ್ನೂ ಮರೆಯಬಾರದು. ಎನ್‌ಸಿಇಆರ್‌ಟಿ ಸಮೀಕ್ಷೆಯು ಕೋವಿಡ್‌ನಿಂದ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆಯುತ್ತಿದ್ದ ಕಾಲದ್ದು. ಅದರ ಅಂಕಿಗಳನ್ನು ಎಲ್ಲ ಕಾಲಕ್ಕೂ ಅನ್ವಯಿಸಲಾಗದು.

ನಮ್ಮ ಹೊಣೆ

ಪ್ರಸಾದ ನಿಲಯದ ಮಗುವಿಗೆ ಸಂಜೆ ಮನೆಗೆ ಮರಳಿ ತಾಯಿಯ ಮುಂದೆ ದುಃಖ ತೋಡಿಕೊಳ್ಳುವ ಅವಕಾಶವಿಲ್ಲ. ಉಣಬಡಿಸಿದ ಕೈಗೇ ದೂರು ಹೇಳುವುದೆಂತು ಎಂಬ ಸಂಕೋಚವೂ ಅದಕ್ಕಿರುತ್ತದೆ. ಆದ್ದರಿಂದ ಮಠಗಳ ಆಶ್ರಯದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಕೇಳುವ ಹೊಣೆ ದೊಡ್ಡವರದೇ. ವರ್ಷಕ್ಕೆ ಎರಡು ಬಾರಿ ಹೆಸರಿಲ್ಲದ ಪ್ರಶ್ನಾವಳಿಯನ್ನು ನೀಡಬಹುದು. ಉತ್ತರಗಳನ್ನು ನಿಲಯಪಾಲಕರಾಗಲಿ ತರಗತಿ ಶಿಕ್ಷಕರಾಗಲಿ ಅಲ್ಲದ, ಹೊರಗಿನ ವಿಶ್ವಾಸಾರ್ಹರು ಓದಬೇಕು. ತಿಳಿದುಬಂದದ್ದನ್ನೂ ಕೈಗೊಂಡ ಕ್ರಮವನ್ನೂ ಒಂದು ತಿಂಗಳೊಳಗೆ ಮಕ್ಕಳಿಗೂ ಶಿಕ್ಷಕರಿಗೂ ತಿಳಿಸಬೇಕು. ಕೇಳಿ ಸುಮ್ಮನಾದರೆ ಮುಂದಿನ ಬಾರಿ ಯಾರೂ ನಿಜ ಬರೆಯುವುದಿಲ್ಲ.

ತುರ್ತು ನೆರವು ಬೇಕಾದವರು ಸಮೀಕ್ಷೆಗಾಗಿ ಕಾಯಬೇಕಾಗಿಲ್ಲ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸದ್ಭಕ್ತರು ಶಾಲೆಗಳಿಗೆ ಕಟ್ಟಡ, ಪುಸ್ತಕ, ದವಸಧಾನ್ಯಗಳನ್ನು ಉದಾರವಾಗಿ ನೀಡುತ್ತ ಬಂದಿದ್ದಾರೆ. ಮುಂದಿನ ಬಾರಿ ಶಾಲೆಗೆ ಹೋದಾಗ ಫಲಿತಾಂಶದ ಜೊತೆಗೆ ಮಕ್ಕಳ ಮತ್ತು ಗುರುಗಳ ಕುಶಲವನ್ನೂ ವಿಚಾರಿಸಬೇಕೆಂದು, ಬಂದ ಉತ್ತರವನ್ನು ತಾಳ್ಮೆಯಿಂದ ಆಲಿಸಬೇಕೆಂದು ನಾವು ಕೋರುತ್ತೇವೆ.