ಮಂಗಳವಾರ ಡಾಕ್ಟ್ರು ಬರದಿದ್ರೆ ಏನಾಗುತ್ತೆ?

ಇವತ್ತಿನ ವಿಷಯ ಬಜೆಟ್ಟು, ಸರ್ಕಾರಿ ಹುದ್ದೆ. ಸ್ಕಿಪ್ ಮಾಡ್ಬೇಡಿ, ಮೊದಲು ನಮ್ಮ ಚಿಕ್ಕಪ್ಪನ ವಿಷಯ ಕೇಳಿ. ಹೇಳು ಅಂತ ಅವರೇ ಹೇಳಿದ್ದಾರೆ.

ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ ಇದೆ. ತಿಂಗಳಿಗೊಮ್ಮೆ ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗ್ತಿದ್ರು. ಜಿಲ್ಲೆಯಿಂದ ಮನೋವೈದ್ಯರು ಬರ್ತಿದ್ರು, ಐದು ನಿಮಿಷ ಮಾತು, ಚೀಟಿ, ಉಚಿತ ಮಾತ್ರೆ, ಮಧ್ಯಾಹ್ನದ ಬಸ್ಸಿಗೆ ಮನೆ. ಐದು ವರ್ಷ ಹೀಗೇ ನಡೀತು. ಸೈಕಲ್ ರಿಪೇರಿ ಅಂಗಡಿ ಅವರೇ ನೋಡ್ಕೊಳ್ತಿದ್ರು. ಒಂದು ಮಂಗಳವಾರ ಹೋದ್ರೆ ಆ ರೂಮಿಗೆ ಬೀಗ. "ಡಾಕ್ಟ್ರ ಕಾಂಟ್ರಾಕ್ಟ್ ಮುಗೀತು, ಹೊಸಬ್ರು ಬಂದಿಲ್ಲ" ಅಂದ್ರು. ಹೊಸ ಚೀಟಿ ಇಲ್ಲದೆ ಮಾತ್ರೆ ಕೊಡಲ್ಲ. ಖಾಸಗಿ ಡಾಕ್ಟ್ರು ಬೇಕಂದ್ರೆ ಜಿಲ್ಲಾ ಕೇಂದ್ರಕ್ಕೆ ಹೋಗ್ಬೇಕು. ಬಸ್ ಚಾರ್ಜು, ಫೀಸು, ಒಂದು ದಿನ ಅಂಗಡಿ ಬಂದ್. ಮುಂದಿನ ತಿಂಗಳು ನೋಡೋಣ ಅಂದ್ಕೊಂಡ್ರು. ಮೂರನೇ ತಿಂಗಳು ಚಿಕ್ಕಪ್ಪ ನಿದ್ದೆ ಬಿಟ್ರು, ಒಂದು ರಾತ್ರಿ ಯಾರಿಗೂ ಹೇಳದೆ ಹೊರಟುಹೋದ್ರು. ಮಾರನೇ ದಿನ ಪಕ್ಕದ ತಾಲೂಕಿನ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರು.

ನಾನಾಗ ಬೆಂಗಳೂರಲ್ಲಿದ್ದೆ. ಸರ್ಕಾರದ ಹತ್ರ ಯೋಜನೆನೇ ಇಲ್ವೇನೋ ಅಂದ್ಕೊಂಡಿದ್ದೆ. ಹುಡುಕ್ತಾ ಹೋದ್ರೆ, ಯೋಜನೆ ನಾನು ಹುಟ್ಟೋಕೆ ಮುಂಚಿನಿಂದ ಇದೆ. ಅದೂ ನಮ್ಮ ರಾಜ್ಯದಲ್ಲೇ ಹುಟ್ಟಿದ್ದು.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು 1982ರಲ್ಲಿ. ಅದನ್ನ ಒಂದಿಡೀ ಜಿಲ್ಲೆಯಲ್ಲಿ ನಡೆಸೋಕಾಗುತ್ತಾ ಅಂತ ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿಯಲ್ಲಿ ಮಾಡಿ ನೋಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟ್ರುಗಳಿಗೇ ತರಬೇತಿ ಕೊಟ್ರು, ಮನೆಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೆ ಲಕ್ಷಣ ಗುರುತಿಸೋದು ಕಲಿಸಿದ್ರು, ಬೇಕಾದ ಕೆಲವೇ ಮಾತ್ರೆಗಳನ್ನ ಹಳ್ಳಿ ಕೇಂದ್ರದಲ್ಲೇ ಇಟ್ರು. ರೋಗಿ ಬೆಂಗಳೂರಿಗೆ ಬರೋದಲ್ಲ, ಚಿಕಿತ್ಸೆ ಊರಿಗೆ ಹೋಗೋದು. ಈ 'ಬಳ್ಳಾರಿ ಮಾದರಿ'ಯನ್ನ ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಮೊದಲು 4 ಜಿಲ್ಲೆ. ಈಗ ದೇಶದ 767 ಜಿಲ್ಲೆಗಳಿಗೆ ಮಂಜೂರಾಗಿದೆ. ಚಿಕ್ಕಪ್ಪ ಹೋಗ್ತಿದ್ದ ಮಂಗಳವಾರದ ಕ್ಲಿನಿಕ್ಕೂ ಇದರದ್ದೇ ಕೊಂಬೆ. ಕರ್ನಾಟಕದಲ್ಲಿ ಅದಕ್ಕೆ 'ಮನೋಚೈತನ್ಯ' ಅಂತ ಹೆಸರು.

ಮಂಜೂರು ಅನ್ನೋ ಪದ ಗಮನಿಸಿ. ಮಂಜೂರಾಗೋದು ಹುದ್ದೆ. ಕುರ್ಚಿಯಲ್ಲಿ ಕೂರೋಕೆ ಮನುಷ್ಯ ಬೇಕು.

ಜಿಲ್ಲಾ ತಂಡ ಅಂದ್ರೆ ಒಬ್ಬ ಮನೋವೈದ್ಯರು, ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಒಬ್ಬ ಸೋಷಿಯಲ್ ವರ್ಕರ್, ನರ್ಸ್, ಲೆಕ್ಕ-ದಾಖಲೆ ನೋಡ್ಕೊಳ್ಳೋರು. ತಜ್ಞರು ಸಿಗದಿದ್ರೆ ತರಬೇತಿ ಪಡೆದ ಸಾಮಾನ್ಯ ಡಾಕ್ಟ್ರನ್ನ ಹಾಕ್ಬಹುದು ಅಂತ ನಿಯಮದಲ್ಲೇ ಇದೆ. ಯಾಕಂದ್ರೆ ತಜ್ಞರೇ ಇಲ್ಲ. ದೇಶದಲ್ಲಿ ಒಂದು ಲಕ್ಷ ಜನಕ್ಕೆ 0.75 ಮನೋವೈದ್ಯರು, ಅಂದ್ರೆ ನಾಲ್ಕು ಲಕ್ಷ ಜನಕ್ಕೆ ಮೂವರು. ಅವರಲ್ಲೂ ಹೆಚ್ಚಿನವರು ದೊಡ್ಡ ಊರುಗಳಲ್ಲೇ. ಲಕ್ಷಕ್ಕೆ 3 ಆಗ್ಬೇಕು ಅಂದ್ರೆ ಇನ್ನೂ 27,000 ಮನೋವೈದ್ಯರು ಬೇಕು ಅಂತ 2023ರಲ್ಲಿ ಸಂಸದೀಯ ಸಮಿತಿಯೇ ಹೇಳಿದೆ.

ಈ ಕೆಲವೇ ಜನರಿಗೆ ಸರ್ಕಾರ ಕೊಡೋ ಕೆಲಸ ಎಂಥದ್ದು? ಹೆಚ್ಚಾಗಿ ಗುತ್ತಿಗೆ ಕೆಲಸ. ಪ್ರತಿ ವರ್ಷ ರಿನೀವಲ್, ಖಾಸಗಿಯವರಿಗಿಂತ ಕಮ್ಮಿ ಸಂಬಳ, ವಾರಕ್ಕೊಂದು ತಾಲೂಕು ಸುತ್ತಾಟ. ಒಬ್ಬ ಯುವ ಡಾಕ್ಟ್ರು ಇದನ್ನ ಬಿಟ್ಟು ಹೋದ್ರೆ ನಾನು ಬೈಯಲ್ಲ. ನಾನೂ ಬಿಡ್ತಿದ್ದೆ.

ಈಗ ದುಡ್ಡಿಗೆ ಬರೋಣ. ಒಂದು ಜಿಲ್ಲೆಗೆ ಈ ಕಾರ್ಯಕ್ರಮದಲ್ಲಿ ವರ್ಷಕ್ಕೆ ಸಿಗೋದು ಗರಿಷ್ಠ 83.2 ಲಕ್ಷ ರೂಪಾಯಿ. ಸಂಬಳ, ಔಷಧಿ, ತರಬೇತಿ, ಓಡಾಟ ಎಲ್ಲ ಅದರಲ್ಲೇ. 20 ಲಕ್ಷ ಜನ ಇರೋ ಜಿಲ್ಲೆ ಅಂದ್ಕೊಳ್ಳಿ. ತಲೆಗೆ ವರ್ಷಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಅಷ್ಟಕ್ಕೆ ಒಂದು ಬೈಟೂ ಕಾಫಿನೂ ಬರಲ್ಲ.

ಟಿವಿಯಲ್ಲಿ 'ಮಾನಸಿಕ ಆರೋಗ್ಯಕ್ಕೆ ಸಾವಿರ ಕೋಟಿ' ಅಂತ ಕೇಳಿರ್ತೀರಿ. 2024-25ರ ಕೇಂದ್ರ ಬಜೆಟ್ ನೋಡಿ: ನಿಮ್ಹಾನ್ಸ್‌ಗೆ 850 ಕೋಟಿ, ಅಸ್ಸಾಮಿನ ತೇಜ್‌ಪುರದ ಸಂಸ್ಥೆಗೆ 64 ಕೋಟಿ, ಟೆಲಿ ಮಾನಸ್‌ಗೆ 90 ಕೋಟಿ. ಸಾವಿರ ಕೋಟಿ ಅಂದ್ರೆ ಇದೇ, ಅದರಲ್ಲಿ ಸಿಂಹಪಾಲು ಒಂದೇ ಸಂಸ್ಥೆಗೆ. ನಿಮ್ಹಾನ್ಸ್‌ಗೆ ಕೊಡಬಾರದು ಅಂತಲ್ಲ, ಅಲ್ಲಿ ನಿಂತಿರೋ ಕ್ಯೂ ನೋಡಿದ್ರೆ ಇನ್ನೂ ಕೊಡ್ಬೇಕು. ಆದ್ರೆ ಜಿಲ್ಲೆಗಳ ಕಾರ್ಯಕ್ರಮ ಈ ಲೆಕ್ಕದಲ್ಲಿ ಕಾಣೋದೇ ಇಲ್ಲ. ಅದು ರಾಷ್ಟ್ರೀಯ ಆರೋಗ್ಯ ಅಭಿಯಾನದ ದೊಡ್ಡ ಚೀಲದೊಳಗೆ ಸೇರಿದೆ. ರಾಜ್ಯ ಯೋಜನೆ ಬರೆದು ಕಳಿಸ್ಬೇಕು, ದೆಹಲಿ ಒಪ್ಪಬೇಕು, 60:40 ಲೆಕ್ಕದಲ್ಲಿ ದುಡ್ಡು ಹಾಕ್ಬೇಕು. ಡೆಂಗಿ, ಟಿಬಿ, ತಾಯಿ-ಮಗು ಎಲ್ಲ ಅದೇ ಚೀಲದಲ್ಲಿ. ಯಾರ ಕೂಗು ಜೋರೋ ಅವರಿಗೆ ಮೊದಲು. ಮಾತ್ರೆ ಸಿಗದೆ ಮನೇಲಿ ಸುಮ್ಮನೆ ಕೂತಿರೋರ ಕೂಗು ಯಾರಿಗೆ ಕೇಳುತ್ತೆ?

ನನಗೆ ಅತಿ ಆಶ್ಚರ್ಯ ಆಗಿದ್ದು ಕಾನೂನು ಓದಿದಾಗ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಇದರ 18ನೇ ಸೆಕ್ಷನ್. ಸರ್ಕಾರದ ಅಗತ್ಯ ಔಷಧ ಪಟ್ಟಿಯಲ್ಲಿರೋ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಯಾವಾಗಲೂ ಉಚಿತವಾಗಿ ಸಿಗ್ಬೇಕು. ಯಾವಾಗಲೂ ಅಂತಲೇ ಇದೆ. ಜಿಲ್ಲೆಯಲ್ಲಿ ಕನಿಷ್ಠ ಸೇವೆ ಇಲ್ಲದಿದ್ರೆ, ಅದೇ ಜಿಲ್ಲೆಯ ಬೇರೆ ಕಡೆ ಚಿಕಿತ್ಸೆ ತಗೊಂಡ ಖರ್ಚನ್ನ ಸರ್ಕಾರ ಭರಿಸ್ಬೇಕು. ಅಂದ್ರೆ ಚಿಕ್ಕಮ್ಮ ಜಿಲ್ಲಾ ಕೇಂದ್ರದ ಖಾಸಗಿ ಡಾಕ್ಟ್ರ ಹತ್ರ ಹೋಗಿ, ಬಿಲ್ ಇಟ್ಕೊಂಡು, ಈ ಸೆಕ್ಷನ್ ತೋರಿಸಿ ಕೇಳ್ಬಹುದಿತ್ತು. ಅವರಿಗೆ ಯಾರೂ ಹೇಳ್ಲಿಲ್ಲ. ನನಗೇ ಗೊತ್ತಿರ್ಲಿಲ್ಲ.

ಇನ್ನೊಂದು, 31ನೇ ಸೆಕ್ಷನ್. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿ ಇರೋ ಹಾಗೆ ಸರ್ಕಾರ ಹತ್ತು ವರ್ಷದೊಳಗೆ ಪ್ರಯತ್ನ ಮಾಡ್ಬೇಕು. ಕಾಯ್ದೆ ಜಾರಿಗೆ ಬಂದಿದ್ದು 2018ರ ಮೇ 29. ಹತ್ತು ವರ್ಷ ತುಂಬೋದು 2028ರ ಮೇನಲ್ಲಿ. ನಿಮ್ಮ ಎಂಎಲ್‌ಎ ಸಿಕ್ಕಿದ್ರೆ ಈ ತಾರೀಖು ಕೇಳಿ. 'ಮಾನಸಿಕ ಆರೋಗ್ಯಕ್ಕೆ ಏನು ಮಾಡಿದೀರಿ' ಅಂದ್ರೆ ಶಿಬಿರದ ಫೋಟೋ ತೋರಿಸ್ತಾರೆ. 'ನಮ್ಮ ಜಿಲ್ಲಾ ತಂಡದಲ್ಲಿ ಎಷ್ಟು ಹುದ್ದೆ ಖಾಲಿ, ಎಷ್ಟು ತಿಂಗಳಿಂದ' ಅಂತ ಕೇಳಿ. ಆರ್‌ಟಿಐ ಅರ್ಜಿಯಲ್ಲೂ ಕೇಳ್ಬಹುದು.

ಟೆಲಿ ಮಾನಸ್ ಇದೆಯಲ್ಲ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಇದೆ, ಒಳ್ಳೇದೇ. 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡ್ಬಹುದು, ನಂಬರ್ ಸೇವ್ ಮಾಡ್ಕೊಳ್ಳಿ. ಪರೀಕ್ಷೆ ಟೆನ್ಷನ್, ನಿದ್ದೆ ಇಲ್ಲ, ಬದುಕು ಬೇಡ ಅನ್ನಿಸ್ತಿದೆ, ಯಾವುದಕ್ಕಾದ್ರೂ ಮಾಡಿ. ಆದ್ರೆ ಫೋನು ನಮ್ಮ ಚಿಕ್ಕಪ್ಪನ ಕೈಗೆ ಮಾತ್ರೆ ಇಡಲ್ಲ. ಫೋನಿನ ಆ ಕಡೆಯೋರು 'ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ' ಅಂದಾಗ ಅಲ್ಲಿ ಬಾಗಿಲು ತೆಗೆದಿರ್ಬೇಕು.

ಚಿಕ್ಕಪ್ಪ ಈಗ ಹುಷಾರಾಗಿದ್ದಾರೆ. ಪೂರ್ತಿ ಮೊದಲಿನ ಹಾಗಲ್ಲ, ಕೈ ಸ್ವಲ್ಪ ನಡುಗುತ್ತೆ, ಬೆಳಗ್ಗೆ ಮಾತ್ರ ಅಂಗಡಿ ತೆಗೀತಾರೆ. ತಾಲೂಕು ಆಸ್ಪತ್ರೆಗೆ ಹೊಸ ಡಾಕ್ಟ್ರು ಬಂದಿದ್ದಾರೆ, ಒಳ್ಳೆಯವರು, ಹೆಸರು ಹಿಡಿದು ಮಾತಾಡಿಸ್ತಾರಂತೆ. ಹೋದ ವಾರ ಚಿಕ್ಕಮ್ಮ ಅವರನ್ನೇ ಕೇಳಿದ್ರಂತೆ, "ನೀವು ಎಲ್ಲಿ ತನಕ ಇರ್ತೀರಿ ಸಾರ್?" ಅಂತ.

ಮಾರ್ಚ್ ತನಕ ಅಂದ್ರಂತೆ.