ಒಂದೇ ಮೈಯಲ್ಲಿ ಎರಡು ಜ್ವರ

ಆಟಿಯ ಮಳೆ ಹಿಡಿದಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತೋಟಗಳಲ್ಲಿ ಉದುರಿದ ಅಡಿಕೆ ಹಾಳೆಗಳು ನೀರು ತುಂಬಿ ಡೆಂಗೆ ಸೊಳ್ಳೆಗೆ ತೊಟ್ಟಿಲಾಗುತ್ತವೆ. ಗದ್ದೆಯ ಕೆಸರಿನಲ್ಲಾದರೋ, ಇಲಿಯ ಮೂತ್ರದಿಂದ ಬಂದ ಇಲಿಜ್ವರದ ಅಣುಜೀವಿ ಒಡೆದ ಹಿಮ್ಮಡಿಗಾಗಿ ಕಾದಿರುತ್ತದೆ. (ಹಟ್ಟಿಯ ದನಕ್ಕೂ ಇದು ತಗುಲುತ್ತದೆ, ಗಬ್ಬದ ಹಸು ಕಂದು ಹಾಕುವುದೂ ಉಂಟು.)

ಎರಡೂ ಒಬ್ಬನನ್ನೇ ಹಿಡಿದರೆ? ಜ್ವರ, ತಲೆನೋವು, ಮೈಕೈನೋವು ಎರಡಕ್ಕೂ ಸಮಾನ. ರಕ್ತಪರೀಕ್ಷೆಯಲ್ಲಿ ಡೆಂಗೆ ಕಂಡೊಡನೆ ಹುಡುಕಾಟ ನಿಂತುಬಿಡುವುದುಂಟು, ತೊಡಕು ಅಲ್ಲಿಯೇ. ಡೆಂಗೆಗೆ ನೇರವಾದ ಮದ್ದಿಲ್ಲ. ವಿಶ್ರಾಂತಿ, ನೀರು, ವೈದ್ಯರ ನಿಗಾ ಅಷ್ಟೆ. ಇಲಿಜ್ವರಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ಗಳಿವೆ. ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಅಪಾಯ. ಡೆಂಗೆಯೆಂದು ಗೊತ್ತಾಗಿದ್ದರೂ ಸರಿಯೆ, ರೋಗಿ ಕೆಸರಿಗಿಳಿದಿದ್ದ ಸಂಗತಿಯನ್ನು ಮನೆಯವರು ವೈದ್ಯರಿಗೆ ಹೇಳತಕ್ಕದ್ದು; ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಒಂದು ದಿನವೂ ಕಾಯಬಾರದು.