ಒಂದು ತಿಂಗಳು, ನಾಲ್ಕು ಪುಸ್ತಕ

ಶಿವರಾತ್ರಿಗೆ ಇನ್ನು ಎರಡು ದಿನ. ಕಲಿಕಾ ಕೇಂದ್ರದ ಜಗಲಿಯಲ್ಲಿ ದೊಡ್ಡಮ್ಮ ಸಪ್ಪಗೆ ಕುಳಿತಿದ್ದಳು. ಕಲಿಸುವ ಹುಡುಗಿ ಹತ್ತಿರ ಬಂದು ಕೇಳಿದಳು.

"ಏನ್ ದೊಡ್ಡಮ್ಮಾ, ಯಾಕೆ ಹೀಗೆ ಕೂತಿದ್ದೀರಿ?"

"ಹೋದ ಯುಗಾದೀಲಿ ಏನಂದಿದ್ದೆ ಹೇಳು? ಮುಂದಿನ ಯುಗಾದಿ ಹೊತ್ತಿಗೆ ಹನ್ನೆರಡು ಪುಸ್ತಕ ಓದ್ತೀನಿ ಅಂದಿದ್ದೆ. ಎಂಟೇ ಆಗಿರೋದು ಕಣವ್ವಾ. ರಾಗಿ ಕೊಯ್ಲು ಬಂತು. ಮಗಳ ಬಾಣಂತನ ಬಂತು. ಎರಡು ತಿಂಗಳು ಪುಸ್ತಕ ಮುಟ್ಲೇ ಇಲ್ಲ. ಮೊನ್ನೆ ತೆಗೆದು ನೋಡಿದ್ರೆ ಒತ್ತಕ್ಷರ ಎಲ್ಲಾ ಮರೆತ ಹಾಗಾಗಿದೆ."

"ಅದಕ್ಕೆ ಇಷ್ಟೊಂದು ಬೇಜಾರಾ?"

"ಬೇಜಾರಲ್ಲ, ಭಯ. ಮುಂಚೆ ಸಂಘದ ಲೆಕ್ಕದ ಪುಸ್ತಕ ಯಾರೋ ಓದಿ ಹೇಳಬೇಕಿತ್ತು. ಅವರು ಹೇಳಿದ್ದೇ ಲೆಕ್ಕ. ಈಗ ನನ್ನ ಕಂತು ನಾನೇ ನೋಡ್ಕೋತೀನಿ. ಅದೂ ಕೈ ತಪ್ಪಿ ಹೋದ್ರೆ? ಮತ್ತೆ ಹೆಬ್ಬೆಟ್ಟು ಒತ್ತೋದಾ?"

ದೊಡ್ಡಮ್ಮನ ಭಯ ಸುಳ್ಳಲ್ಲ. ಹೊಸದಾಗಿ ಕಲಿತ ಅಕ್ಷರ ಹೊಸ ಸಸಿ ಇದ್ದ ಹಾಗೆ. ದಿನಾ ಸ್ವಲ್ಪ ನೀರು ಬೇಕು. ಬಿಟ್ಟರೆ ಬಾಡುತ್ತದೆ. ಆದರೆ ಬಾಡಿದ ಸಸಿ ಸತ್ತ ಸಸಿ ಅಲ್ಲ. ನೀರು ಕೊಟ್ಟರೆ ಮತ್ತೆ ಚಿಗುರುತ್ತದೆ. ಎಂಟು ಪುಸ್ತಕ ಓದಿದವಳಿಗೆ ನಾಲ್ಕು ಪುಸ್ತಕ ದೊಡ್ಡದಲ್ಲ. ಅದಕ್ಕೆ ಒಂದು ಲೆಕ್ಕ ಬೇಕು, ಅಷ್ಟೆ. ಆ ಲೆಕ್ಕ ಹೇಗೆ ಅಂತ ನೋಡೋಣ ಬನ್ನಿ.

ಮೊದಲು ಪುಟ ಎಣಿಸಿ

"ನಾಲ್ಕು ಪುಸ್ತಕ" ಎಂದರೆ ಎದೆ ಝಲ್ ಎನ್ನುತ್ತದೆ. ಅದಕ್ಕೇ ಪುಸ್ತಕ ಎಣಿಸಬೇಡಿ, ಪುಟ ಎಣಿಸಿ. ಹೊಸ ಓದುಗರ ಪುಸ್ತಕಗಳು ತೆಳ್ಳಗೆ ಇರುತ್ತವೆ. ಅಕ್ಷರ ದಪ್ಪಗೆ ಇರುತ್ತದೆ. ದೊಡ್ಡಮ್ಮ ತಂದಿಟ್ಟ ನಾಲ್ಕೂ ಪುಸ್ತಕದಲ್ಲಿ 32 ಪುಟ ಇತ್ತು. 32ರ ನಾಲ್ಕು ಪಾಲು ಎಂದರೆ 128 ಪುಟ.

ಇನ್ನು ದಿನ ಎಣಿಸಿ. ಶಿವರಾತ್ರಿಯಿಂದ ಯುಗಾದಿಗೆ ಹೆಚ್ಚುಕಡಿಮೆ ಒಂದು ತಿಂಗಳು. ಜಾಗರಣೆ ಮಾಡಿದವರು ಮಾರನೆಯ ದಿನ ನಿದ್ದೆ ಮಾಡಲಿ. ಅಲ್ಲಿಂದ ಮುಂದೆ 30 ದಿನ ಇಟ್ಟುಕೊಳ್ಳೋಣ. ಅದರಲ್ಲಿ ನಾಲ್ಕು ವಾರಕ್ಕೆ 28 ದಿನ. ಉಳಿದ 2 ದಿನವನ್ನು ಸದ್ಯಕ್ಕೆ ಮುಟ್ಟಬೇಡಿ. ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಬಚ್ಚಿಡುತ್ತೇವಲ್ಲ, ಹಾಗೆ ಎತ್ತಿಡಿ.

ಪಾಲು ಮಾಡಿ

ವಾರಕ್ಕೆ ಒಂದು ಪುಸ್ತಕ. ವಾರದಲ್ಲಿ ಒಂದು ದಿನ ಸಂತೆ. ಸಂತೆಯ ದಿನ ಓದು ಬೇಡ. ಉಳಿದದ್ದು 6 ದಿನ. ನಾಲ್ಕು ದಿನ 5 ಪುಟ ಓದಿದರೆ 20 ಪುಟ ಆಯಿತು. ಇನ್ನೆರಡು ದಿನ 6 ಪುಟ ಓದಿದರೆ 12 ಪುಟ ಆಯಿತು. ಎರಡೂ ಸೇರಿದರೆ 32. ಒಂದು ಪುಸ್ತಕ ಮುಗಿಯಿತು!

ದಿನಕ್ಕೆ 5 ಪುಟ ಓದಲು ಎಷ್ಟು ಹೊತ್ತು ಬೇಕು? ಗಡಿಯಾರ ಎದುರಿಗೆ ಇಟ್ಟುಕೊಂಡು ಒಂದು ಪುಟ ಓದಿ ನೋಡಿ. ದೊಡ್ಡಮ್ಮನಿಗೆ ಒಂದು ಪುಟಕ್ಕೆ 4 ನಿಮಿಷ ಹಿಡಿಯಿತು. 5 ಪುಟಕ್ಕೆ 20 ನಿಮಿಷ. ಟಿ.ವಿ.ಯಲ್ಲಿ ಒಂದು ಧಾರಾವಾಹಿ ನೋಡುವಷ್ಟು ಹೊತ್ತೂ ಬೇಡ. ನಿಮಗೆ ಪುಟಕ್ಕೆ 6 ನಿಮಿಷ ಹಿಡಿದರೆ ಅರ್ಧ ಗಂಟೆ ಇಟ್ಟುಕೊಳ್ಳಿ. ಯಾರ ಜೊತೆಗೂ ಪಂದ್ಯ ಇಲ್ಲ.

ಯಾವ ಪುಸ್ತಕ ಮೊದಲು?

ಬಹಳ ದಿನ ಬಿಟ್ಟು ಓದುವವರು ಸುಲಭದ ಪುಸ್ತಕದಿಂದ ಶುರು ಮಾಡಬೇಕು. ದೊಡ್ಡಮ್ಮ ಮೊದಲ ವಾರಕ್ಕೆ ಜನಪದ ಕಥೆಯ ಪುಸ್ತಕ ಇಟ್ಟುಕೊಂಡಳು. ಕೇಳಿದ ಕಥೆ ಓದುವಾಗ ಮುಂದಿನ ಮಾತು ತಾನೇ ಬಾಯಿಗೆ ಬರುತ್ತದೆ. ನಾಲಿಗೆ ಹದವಾಗುತ್ತದೆ.

ಎರಡನೆಯ ವಾರಕ್ಕೆ ಕಷ್ಟದ ಪುಸ್ತಕ. ಅದು ಹೆಂಗಸರ ಹಕ್ಕಿನ ಪುಸ್ತಕ. ಅದರಲ್ಲಿ "ಪಿತ್ರಾರ್ಜಿತ", "ತಿದ್ದುಪಡಿ" ಅಂತ ದೊಡ್ಡ ದೊಡ್ಡ ಮಾತು ಬರುತ್ತವೆ. ಆದರೆ ಒಳಗಿರುವ ವಿಷಯ ನಮ್ಮ ಮನೆಯದೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಬಂತು. ಇಂಥದ್ದನ್ನು ಬೇರೆಯವರ ಬಾಯಿಂದ ಕೇಳುವುದು ಒಂದು. ನಾವೇ ಓದಿ ತಿಳಿಯುವುದು ಇನ್ನೊಂದು.

ಮೂರನೆಯ ವಾರ ಆರೋಗ್ಯದ ಪುಸ್ತಕ. ಇದನ್ನು ನಿಧಾನವಾಗಿ ಓದಬೇಕು. ಮಗುವಿಗೆ ಭೇದಿ ಆದಾಗ ಸಕ್ಕರೆ ಉಪ್ಪಿನ ನೀರು ಕೊಡುತ್ತೇವೆ. 1 ಲೀಟರ್ ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಮಟ್ಟಸವಾಗಿರಬೇಕು. "ಅರ್ಧ" ಅನ್ನುವ ಮಾತು ಬಿಟ್ಟು ಓದಿದರೆ? ಉಪ್ಪು ಹೆಚ್ಚಾಗಿ ಮಗುವಿಗೇ ತೊಂದರೆ. ಆದ್ದರಿಂದ ಅಳತೆ ಬಂದ ಕಡೆ ಎರಡು ಸಲ ಓದಿ. ಬೇಗ ಮುಗಿಸುವ ಆಸೆಗೆ ಇಂಥ ಪುಟ ಹಾರಿಸಬೇಡಿ.

ನಾಲ್ಕನೆಯ ವಾರ ಯುಗಾದಿ ಕೆಲಸ ಜೋರು. ಮನೆ ಸಾರಿಸಬೇಕು, ಸುಣ್ಣ ಬಳಿಯಬೇಕು. ಆ ವಾರಕ್ಕೆ ಕಥೆಯ ಹಾಗೆ ಓದಿಸಿಕೊಂಡು ಹೋಗುವ ಪುಸ್ತಕ ಇರಲಿ. ದೊಡ್ಡಮ್ಮ ಸಾವಿತ್ರಿಬಾಯಿ ಫುಲೆಯ ಜೀವನದ ಪುಸ್ತಕ ಇಟ್ಟುಕೊಂಡಳು. ಗಂಡ ಜೋತಿಬಾ ಜೊತೆಗೂಡಿ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ತಾಯಿ ಆಕೆ.

ಯಾವಾಗ ಓದಬೇಕು?

"ಪುರುಸೊತ್ತು ಸಿಕ್ಕಾಗ ಓದ್ತೀನಿ" ಎಂದರೆ ಪುರುಸೊತ್ತು ಸಿಗುವುದೇ ಇಲ್ಲ. ಒಂದು ಹೊತ್ತು ಗೊತ್ತು ಮಾಡಿ. ಈ ತಿಂಗಳು ಮಕ್ಕಳಿಗೆ ಪರೀಕ್ಷೆ ಹತ್ತಿರ ಬರುವ ಕಾಲ. ಸಂಜೆ ಅವರು ಓದಲು ಕೂರುತ್ತಾರೆ. ಅದೇ ದೀಪದ ಕೆಳಗೆ ನೀವೂ ಕೂತುಕೊಳ್ಳಿ. ಅಮ್ಮ ಓದುವುದನ್ನು ನೋಡಿದ ಮಗುವಿಗೆ "ಓದು ಓದು" ಅಂತ ಬೈಯಬೇಕಾಗಿಲ್ಲ. ಗೊತ್ತಿಲ್ಲದ ಮಾತನ್ನು ಮಗುವನ್ನೇ ಕೇಳಿ. ಅದರಲ್ಲಿ ನಾಚಿಕೆ ಏನು?

ಹಾಗೆಂದು ಪ್ರತಿ ಮಾತಿಗೂ ನಿಲ್ಲಬೇಡಿ. ಗೊತ್ತಾಗದ ಮಾತಿನ ಕೆಳಗೆ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡಿ. ಗ್ರಂಥಾಲಯದ ಪುಸ್ತಕವಾದರೆ ಬೇರೆ ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಕ್ಕೆ ಓದಿ. ಕೆಲವು ಸಲ ಮುಂದಿನ ಸಾಲಿನಲ್ಲೇ ಅರ್ಥ ಸಿಗುತ್ತದೆ. ಸಿಗದಿದ್ದರೆ ವಾರಕ್ಕೊಮ್ಮೆ ಕೇಂದ್ರದಲ್ಲಿ ಕೇಳಿ.

ಪುಸ್ತಕಕ್ಕೆ ದುಡ್ಡು ಬೇಕು ಅಂತ ಹಿಂದೆಗೆಯಬೇಡಿ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲೇ ಬಂದಿದೆ. ಪಂಚಾಯಿತಿ ಗ್ರಂಥಾಲಯಕ್ಕೆ ಈಗ "ಅರಿವು ಕೇಂದ್ರ" ಎಂಬ ಹೆಸರಿದೆ. ನಾವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದ ಮೇಲೆ ಅದು ನಮ್ಮದೇ ಅಲ್ಲವೇ? ಒಳಗೆ ಹೋಗಲು ಹಿಂಜರಿಕೆ ಬೇಡ.

ಒಂದು ದಿನ ತಪ್ಪಿದರೆ?

ತಪ್ಪುತ್ತದೆ. ನೆಂಟರು ಬರುತ್ತಾರೆ. ಜ್ವರ ಬರುತ್ತದೆ. ಕರೆಂಟು ಹೋಗುತ್ತದೆ. ಆಗ ಮಾರನೆಯ ದಿನ 10 ಪುಟ ಓದಲು ಹೋಗಬೇಡಿ. ಕಣ್ಣು ಸೋಲುತ್ತದೆ, ಮನಸ್ಸೂ ಸೋಲುತ್ತದೆ. ದಿನಕ್ಕೆ ಒಂದೊಂದು ಪುಟ ಹೆಚ್ಚು ಓದಿ ಸರಿ ಮಾಡಿ. ಆಗಲೂ ಉಳಿದರೆ ಎತ್ತಿಟ್ಟ 2 ದಿನ ಇದೆಯಲ್ಲ! ಓದಿದ ದಿನ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು ಇಡಿ, ಇಲ್ಲವೇ ಗೀಟು ಹಾಕಿ. ಗುರುತು ಸಾಲಾಗಿ ಬಂದಾಗ ಬಿಡಲು ಮನಸ್ಸೇ ಬರುವುದಿಲ್ಲ.

ಅಡಿಗೆಮನೆಯಲ್ಲಿ ಓದಿದ ತಾಯಿ

ನೂರೈವತ್ತು ವರ್ಷಕ್ಕೂ ಹಿಂದಿನ ಮಾತು. ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಹೆಂಗಸು ಇದ್ದಳು. ಹನ್ನೆರಡನೆಯ ವಯಸ್ಸಿಗೇ ಮದುವೆ. ತುಂಬಿದ ಮನೆ, ಸಾಲು ಸಾಲು ಮಕ್ಕಳು. ಹೆಣ್ಣು ಓದಿದರೆ ಗಂಡನಿಗೆ ಕೇಡು ಅಂತ ಜನ ನಂಬಿದ್ದ ಕಾಲ ಅದು. ಅವಳಿಗೆ ಓದುವ ಆಸೆ. ಮನೆಯಲ್ಲಿದ್ದ ಚೈತನ್ಯ ಭಾಗವತದ ಒಂದು ಹಾಳೆ ತೆಗೆದಳು. ಮಗ ಅಕ್ಷರ ತಿದ್ದಿದ ತಾಳೆಗರಿ ಒಂದನ್ನು ತೆಗೆದಳು. ಎರಡನ್ನೂ ಅಡಿಗೆಮನೆಯಲ್ಲಿ ಬಚ್ಚಿಟ್ಟಳು. ಅಡಿಗೆ ಮಾಡುತ್ತಾ ಮಾಡುತ್ತಾ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದಳು. ಯಾರೂ ಕಲಿಸಲಿಲ್ಲ. ಬಹಳ ಕಾಲ ಹಿಡಿಯಿತು. ಆದರೂ ಓದಲು ಕಲಿತಳು. ಮುಂದೆ ತನ್ನ ಬಾಳಿನ ಕಥೆಯನ್ನು ತಾನೇ ಬರೆದಳು. "ಆಮಾರ್ ಜೀಬನ್" ಎಂದು ಅದರ ಹೆಸರು. "ನನ್ನ ಜೀವನ" ಎಂದು ಅರ್ಥ.

ಅವಳಿಗೆ ಸಿಕ್ಕಿದ್ದು ಒಂದೇ ಹಾಳೆ, ಅದೂ ಕದ್ದುಮುಚ್ಚಿ. ನಮಗೆ ದಿನಕ್ಕೆ 5 ಪುಟ ಇದೆ, ಅದೂ ದೀಪದ ಬೆಳಕಿನಲ್ಲಿ.

ಯುಗಾದಿ ಬಂತು

ದೊಡ್ಡಮ್ಮನ ಲೆಕ್ಕ ಏನಾಯಿತು? ಮೂರು ಪುಸ್ತಕ ಪೂರಾ ಮುಗಿಯಿತು. ಹಕ್ಕಿನ ಪುಸ್ತಕಕ್ಕೆ ಒಂದು ವಾರ ಸಾಲಲಿಲ್ಲ. ಎತ್ತಿಟ್ಟ ಎರಡು ದಿನವೂ ಅದಕ್ಕೇ ಹೋಯಿತು. ಸಾವಿತ್ರಿಬಾಯಿ ಪುಸ್ತಕದಲ್ಲಿ 9 ಪುಟ ಉಳಿಯಿತು.

"ಹನ್ನೆರಡು ಆಗಲಿಲ್ಲವಲ್ಲ ದೊಡ್ಡಮ್ಮಾ?" ಎಂದಳು ಹುಡುಗಿ.

"ಬೇವು ಬೆಲ್ಲ ತಿಂದು ಕೂತ್ಕೋತೀನಿ, ಆ ಒಂಬತ್ತು ಪುಟ ಎಲ್ಲಿಗೆ ಹೋಗ್ತದೆ?" ಎಂದು ದೊಡ್ಡಮ್ಮ ನಕ್ಕಳು. "ಆದ್ರೆ ನಿನ್ನೆ ಸಂಘದಲ್ಲಿ ಲೆಕ್ಕ ಓದಿದ್ದು ಯಾರು ಗೊತ್ತಾ? ನಾನು! ಎಲ್ಲರಿಗೂ ಕೇಳೋ ಹಾಗೆ ಓದಿದೆ."

ನೀವೂ ಮಾಡಿ ನೋಡಿ

1. ನೀವು ಓದಬೇಕೆಂದು ಎತ್ತಿಟ್ಟ ಪುಸ್ತಕ ಯಾವುದು? ಅದರಲ್ಲಿ ಎಷ್ಟು ಪುಟ ಇದೆ?
2. ಒಂದು ಪುಟ ಓದಲು ನಿಮಗೆ ಎಷ್ಟು ನಿಮಿಷ ಬೇಕು?
3. ನಿಮ್ಮ ಊರಿನ ಸಂತೆ ಯಾವ ದಿನ? ಆ ದಿನ ಬಿಟ್ಟು ವಾರಕ್ಕೆ ಎಷ್ಟು ಪುಟ ಓದಬಲ್ಲಿರಿ?
4. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿ. ಇವತ್ತೇ ಮೊದಲ ಗುರುತು ಹಾಕಿ.